ಗುಡಿಯನ್ನು ಬುಡದಿಂದ ನೋಡುವ ಕ್ರಮ: ಕೊಪ್ಪಳ ಸೀಮೆಯ ದೇವಾಲಯಗಳಲ್ಲಿ ಶಿಲ್ಪ ಮತ್ತು ವಾಸ್ತುವಿನ ಪದಗಳು

ಇಟಗಿಯ ಮಹಾದೇವ ದೇವಾಲಯಕ್ಕೆ ಹೋದವರಲ್ಲಿ ಹೆಚ್ಚಿನವರು ನೇರವಾಗಿ ಕಂಬಗಳ ಬಳಿಗೆ ನಡೆದು, ಅವುಗಳ ನುಣುಪನ್ನು ಅಂಗೈಯಿಂದ ಸವರಿ, ಬಾಗಿಲ ಕೆತ್ತನೆಯ ಒಂದೆರಡು ಫೋಟೋ ತೆಗೆದುಕೊಂಡು, "ಎಷ್ಟು ಚಂದ ಕೆತ್ತ್ಯಾರ" ಎನ್ನುತ್ತ ಹೊರಬರುತ್ತಾರೆ. ಮೆಚ್ಚುಗೆಗೆ ಅಷ್ಟು ಸಾಕು. ಆದರೆ ಒಂದು ಗುಡಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಹೇಳಬೇಕಾದಾಗ, ಅಥವಾ ನಮ್ಮೂರಿನ ಪಾಳುಗುಡಿ ಯಾವ ಕಾಲದ್ದಿರಬಹುದೆಂದು ಊಹಿಸಬೇಕಾದಾಗ, ಕಟ್ಟಡದ ಭಾಗಗಳ ಹೆಸರು ಗೊತ್ತಿಲ್ಲದಿದ್ದರೆ ಮಾತು ಮುಂದೆ ಸಾಗುವುದಿಲ್ಲ. ಆ ಹೆಸರುಗಳನ್ನು ಪದಕೋಶದಂತೆ ಬಾಯಿಪಾಠ ಮಾಡುವುದರಿಂದಲೂ ಹೆಚ್ಚು ಪ್ರಯೋಜನವಾಗದು. ಕಟ್ಟಡವು ಯಾವ ಕ್ರಮದಲ್ಲಿ ಮೇಲೆದ್ದಿತೋ ಅದೇ ಕ್ರಮದಲ್ಲಿ, ಅಂದರೆ ಬುಡದಿಂದ ತುದಿಯವರೆಗೆ ಮತ್ತು ಆಮೇಲೆ ಹೊರಗಿನಿಂದ ಒಳಕ್ಕೆ, ವಸ್ತುವಿನ ಎದುರಿಗೆ ನಿಂತು ಅದರ ಹೆಸರನ್ನು ತಿಳಿದುಕೊಂಡರೆ ಪದ ಮತ್ತು ಕಲ್ಲು ಎರಡೂ ಒಟ್ಟಿಗೆ ಮನಸ್ಸಿನಲ್ಲಿ ನಿಲ್ಲುತ್ತವೆ. ಮೂರ್ತಿಗಳನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಈ ಅಭ್ಯಾಸಕ್ಕೆ ಕೊಪ್ಪಳ ಜಿಲ್ಲೆಯ ಇಟಗಿಗಿಂತ ಒಳ್ಳೆಯ ಸ್ಥಳ ನಮ್ಮ ಸೀಮೆಯಲ್ಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ 6ನೆಯ ವಿಕ್ರಮಾದಿತ್ಯನ ದಂಡನಾಯಕನಾಗಿದ್ದ ಮಹಾದೇವನು 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿಯ ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಇಲ್ಲಿ ಕಟ್ಟಡದ ಬಹುತೇಕ ಎಲ್ಲ ಅಂಗಗಳೂ ಸ್ಪಷ್ಟವಾಗಿ ಉಳಿದಿವೆ. ಹತ್ತಿರದ ಕುಕನೂರಿನಲ್ಲಿ 9ನೆಯ ಶತಮಾನದ, ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳ ಸಮೂಹವಿರುವುದರಿಂದ ಒಂದೇ ದಿನದಲ್ಲಿ ಎರಡು ಕಾಲಗಳನ್ನು ಹೋಲಿಸಿ ನೋಡಬಹುದು.

ದಿಕ್ಕು ಮತ್ತು ತಳವಿನ್ಯಾಸ

ಮೊದಲು ಗುಡಿಯ ಮುಖ ಯಾವ ದಿಕ್ಕಿಗಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು, ಏಕೆಂದರೆ ಮುಂದೆ ಹೇಳುವ ಹಲವು ವಿಷಯಗಳು ದಿಕ್ಕನ್ನೇ ಅವಲಂಬಿಸಿವೆ. ಇಟಗಿಯ ಗುಡಿ ಪೂರ್ವಾಭಿಮುಖವಾಗಿದೆ. ಆಮೇಲೆ ಬಲಗಡೆಗೆ ಗುಡಿಯನ್ನಿಟ್ಟುಕೊಂಡು ಒಂದು ಸುತ್ತು ಪ್ರದಕ್ಷಿಣೆ ಹಾಕಿ, ನೋಟ್‌ಪುಸ್ತಕದಲ್ಲಿ ತಳವಿನ್ಯಾಸದ ಒರಟು ಚಿತ್ರವನ್ನು ಬರೆದುಕೊಳ್ಳಬೇಕು. ಅಳತೆಪಟ್ಟಿ ಬೇಕಿಲ್ಲ, ಹೆಜ್ಜೆಯ ಲೆಕ್ಕ ಸಾಕು.

ಪಶ್ಚಿಮದ ತುದಿಯಲ್ಲಿ, ಶಿಖರದ ಕೆಳಗೆ ಇರುವ ಚೌಕಾಕಾರದ ಕೋಣೆ ಗರ್ಭಗೃಹ. ಊರಲ್ಲಿ ಗರ್ಭಗುಡಿ ಎನ್ನುತ್ತಾರೆ. ಅದರ ಮುಂದಿನ ಕಿರಿದಾದ ಸ್ಥಳ ಅಂತರಾಳ, ಇದನ್ನೇ ಸುಕನಾಸಿ ಎಂದೂ ಕರೆಯುವುದುಂಟು. ಅದರಾಚೆಗೆ ಗೋಡೆಗಳಿಂದ ಮುಚ್ಚಿದ ಮಂಟಪ ಬರುತ್ತದೆ. ನಾಲ್ಕು ನಡುಗಂಬಗಳಿಂದಾಗಿ ಚಾವಣಿ ಒಂಬತ್ತು ಅಂಕಣಗಳಾಗಿ ಹಂಚಿಹೋಗುವ ಇಂಥ ಮಂಟಪಕ್ಕೆ ಕನ್ನಡದಲ್ಲಿ ನವರಂಗ ಎಂಬ ಹೆಸರು ರೂಢಿಯಲ್ಲಿದೆ. ಇಟಗಿಯಲ್ಲಿ ಮುಚ್ಚಿದ ಮಂಟಪಕ್ಕೆ ದಕ್ಷಿಣ ಮತ್ತು ಉತ್ತರದಲ್ಲಿಯೂ ಬಾಗಿಲುಗಳಿದ್ದು, ಅವುಗಳ ಮುಂದೆ ಮುಖಮಂಟಪಗಳಿವೆ. ಪೂರ್ವಕ್ಕೆ, ಗೋಡೆಯಿಲ್ಲದೆ ಕಂಬಗಳ ಮೇಲೆಯೇ ನಿಂತ ವಿಶಾಲವಾದ ತೆರೆದ ಮಂಟಪವಿದೆ. ಅದರ ಅಂಚಿನುದ್ದಕ್ಕೂ ಒರಗಿ ಕುಳಿತುಕೊಳ್ಳಲು ಅನುಕೂಲವಾಗುವಂತೆ ಹೊರಕ್ಕೆ ವಾಲಿದ ಕಲ್ಲಿನ ಆಸನವಿದೆಯಲ್ಲ, ಅದು ಕಕ್ಷಾಸನ. ತೆರೆದ ಮಂಟಪದ ಎತ್ತರದ ಕಂಬಗಳು ನೆಲದಿಂದ ಏಳುತ್ತವೆ, ಗಿಡ್ಡ ಕಂಬಗಳು ಈ ಕಕ್ಷಾಸನದ ಮೇಲೆ ನಿಲ್ಲುತ್ತವೆ. ಇಷ್ಟು ಗುರುತಿಸಿದರೆ ನಕ್ಷೆಯ ಅರ್ಧ ಕೆಲಸ ಮುಗಿಯುತ್ತದೆ.

ಒಂದೇ ಗರ್ಭಗೃಹವಿದ್ದರೆ ಏಕಕೂಟ, ಎರಡಿದ್ದರೆ ದ್ವಿಕೂಟ, ಮೂರು ಗರ್ಭಗೃಹಗಳು ಒಂದೇ ಮಂಟಪಕ್ಕೆ ತೆರೆದುಕೊಂಡಿದ್ದರೆ ತ್ರಿಕೂಟ. ಹಂಪಿಯ ಹೇಮಕೂಟದ ಮೇಲೆ ತ್ರಿಕೂಟಗಳನ್ನು ನೋಡಬಹುದು. ಗುಡಿಯ ಸುತ್ತಲಿನ ಆವರಣದ ಗೋಡೆಗೆ ಶಾಸ್ತ್ರದಲ್ಲಿ ಪ್ರಾಕಾರ ಎಂಬ ಹೆಸರಿದ್ದರೂ ನಮ್ಮ ಕಡೆ ಪೌಳಿ ಎಂದರೇ ಎಲ್ಲರಿಗೂ ಅರ್ಥವಾಗುತ್ತದೆ, ಮತ್ತು ಅರ್ಚಕರೊಂದಿಗೆ ಮಾತಾಡುವಾಗ ಆ ಮಾತನ್ನೇ ಬಳಸುವುದು ಒಳ್ಳೆಯದು.

ಅಧಿಷ್ಠಾನದಿಂದ ಕಳಶದವರೆಗೆ

ಈಗ ಗರ್ಭಗೃಹದ ಹೊರಗೋಡೆಯ ಎದುರು, ಶಿಖರದ ತುದಿಯೂ ಕಾಣುವಷ್ಟು ದೂರದಲ್ಲಿ ನಿಂತು, ನೋಟವನ್ನು ನೆಲಕ್ಕೆ ಇಳಿಸಬೇಕು. ಗೋಡೆ ಶುರುವಾಗುವ ಮೊದಲು ಒಂದರ ಮೇಲೊಂದು ಅಡ್ಡಪಟ್ಟಿಗಳಾಗಿ ಏಳುವ ಪೀಠಭಾಗವೇ ಅಧಿಷ್ಠಾನ. ನೆಲಕ್ಕೆ ತಾಗಿದ ಕಲ್ಲು ಉಪಾನ. ಅದರ ಮೇಲಿನ ಎತ್ತರವಾದ ನೇರ ಪಟ್ಟಿ ಜಗತಿ. ಆಮೇಲೆ ಮೂರು ಮುಖಗಳಾಗಿ ಮುಂದಕ್ಕೆ ಚಾಚಿದ ಪಟ್ಟಿ ತ್ರಿಪಟ್ಟ ಕುಮುದ. ಕೆಲವು ಗುಡಿಗಳಲ್ಲಿ ಇದು ದುಂಡಗಿರುತ್ತದೆ. ಅದರ ಮೇಲೆ ಒಳಕ್ಕೆ ಸರಿದು ನೆರಳು ತುಂಬಿಕೊಂಡಿರುವ ಭಾಗ ಗಳ ಅಥವಾ ಕಂಠ. ಎಲ್ಲಕ್ಕೂ ಮೇಲೆ ಸೂರಿನಂತೆ ಬಾಗಿ ಇಳಿಯುವ ಪಟ್ಟಿ ಕಪೋತ. ಕಪೋತದ ಮೇಲೆ ಅಲ್ಲಲ್ಲಿ ಕಾಣುವ ಪುಟ್ಟ ಕಮಾನಿನ ಆಕೃತಿಗೆ ಕೂಡು ಅಥವಾ ನಾಸಿ ಎನ್ನುತ್ತಾರೆ. ಹತ್ತಿರ ಹೋಗಿ ನೋಡಿದರೆ ಕೆಲವು ಕೂಡುಗಳೊಳಗೆ ಮನುಷ್ಯರ ಮುಖ, ಹೂವು ಅಥವಾ ಸಿಂಹದ ಮೋರೆ ಇರುತ್ತದೆ, ಕೆಲವನ್ನು ಕೆತ್ತನೆ ಮುಗಿಸದೆ ಬರೀ ಆಕಾರ ಬಿಡಿಸಿ ಬಿಟ್ಟಿರುತ್ತಾರೆ. ಶಿಲ್ಪಿ ಮೊದಲು ಕಲ್ಲನ್ನು ಜೋಡಿಸಿ, ಸೂಕ್ಷ್ಮ ಕೆತ್ತನೆಯನ್ನು ಆಮೇಲೆ ಮಾಡುತ್ತಿದ್ದ ಎಂಬುದು ಇಂಥ ಅರೆಕೆಲಸದಿಂದಲೇ ತಿಳಿಯುತ್ತದೆ, ಆದ್ದರಿಂದ ಪೂರ್ಣಗೊಂಡ ಕೆತ್ತನೆಗಿಂತ ಇವನ್ನು ನಾನು ಹೆಚ್ಚು ಹೊತ್ತು ನೋಡುತ್ತೇನೆ.

ಅಧಿಷ್ಠಾನದ ಮೇಲಿನ ಗೋಡೆ ಭಿತ್ತಿ. ಅದು ನೇರವಾಗಿಲ್ಲ, ಹಂತಹಂತವಾಗಿ ಮುಂದೆ ಬಂದು ಹಿಂದೆ ಸರಿಯುತ್ತದೆ ಎಂಬುದನ್ನು ಗಮನಿಸಬೇಕು. ಮೂಲೆಯ ಚಾಚು ಕರ್ಣ, ಗೋಡೆಯ ನಡುವಿನ ದೊಡ್ಡ ಚಾಚು ಭದ್ರ, ಇವೆರಡರ ನಡುವೆ ಇನ್ನೊಂದಿದ್ದರೆ ಅದು ಪ್ರತಿರಥ. ಗೋಡೆಗೆ ಅಂಟಿಕೊಂಡು ಅರ್ಧ ಮಾತ್ರ ಹೊರಬಂದಿರುವ ಕಂಬಗಳಿಗೆ ಅರೆಗಂಬ ಎನ್ನುತ್ತಾರೆ. ಮೂರ್ತಿಗಳಿಗಾಗಿ ಗೋಡೆಯಲ್ಲಿ ಬಿಟ್ಟ ಗೂಡು ದೇವಕೋಷ್ಠ. ಅರೆಗಂಬಗಳ ಮೇಲೆ ಅಂಗೈ ಅಗಲದ ಪುಟ್ಟ ಶಿಖರಗಳನ್ನು ಕೆತ್ತಿರುವುದು ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣ. ಇವನ್ನು ಬರೀ ಅಲಂಕಾರವೆಂದು ದಾಟಿ ಹೋಗಬಾರದು, ಏಕೆಂದರೆ ಇಡೀ ಶಿಖರವನ್ನು ಅರ್ಥಮಾಡಿಕೊಳ್ಳುವ ದಾರಿ ಇಲ್ಲಿಂದಲೇ ಆರಂಭವಾಗುತ್ತದೆ.

ಕಣ್ಣನ್ನು ಕರ್ಣದ ಬುಡದಿಂದ ನೇರವಾಗಿ ಮೇಲಕ್ಕೆ ಒಯ್ಯಿರಿ. ಗೋಡೆ ಮುಗಿದ ಮೇಲೂ ಆ ಚಾಚು ನಿಲ್ಲುವುದಿಲ್ಲ. ಶಿಖರದ ಮೊದಲ ಅಂತಸ್ತಿನಲ್ಲಿ ಅದೇ ಮೂಲೆಯ ಮೇಲೆ ಚೌಕ ತಳದ, ಗುಮ್ಮಟದ ತಲೆಯ ಒಂದು ಪುಟ್ಟ ಗುಡಿಯಾಗಿ ಮುಂದುವರಿಯುತ್ತದೆ. ಅದು ಕೂಟ. ಏಕಕೂಟ, ತ್ರಿಕೂಟಗಳಲ್ಲಿ ಗರ್ಭಗೃಹಗಳನ್ನು ಎಣಿಸುವ ಕೂಟವೇ ಬೇರೆ, ಇದೇ ಬೇರೆ. ಭದ್ರದ ಮೇಲೆ ಇರುವುದು ಉದ್ದನೆಯ ತಳದ್ದು, ಅದರ ಮಾಡು ಕಮಾನು ಕಟ್ಟಿದ ಸವಾರಿ ಬಂಡಿಯ ಚಾವಣಿಯಂತೆ ಬಾಗಿರುತ್ತದೆ, ಅದು ಶಾಲೆ. ಇವುಗಳ ನಡುವೆ ಕಮಾನಿನ ಮುಖವನ್ನು ಮುಂದೆ ಮಾಡಿಕೊಂಡು ನಿಂತ ಕಿರಿದಾದದ್ದು ಪಂಜರ. ಕೂಟ, ಶಾಲೆ, ಪಂಜರಗಳ ಇಂಥ ಒಂದು ಸಾಲು ಸೇರಿದರೆ ಒಂದು ತಲ, ಅಂದರೆ ಅಂತಸ್ತು, ಆಗುತ್ತದೆ. ತಲಗಳು ಮೇಲಕ್ಕೆ ಹೋದಂತೆ ಕಿರಿದಾಗುತ್ತವೆ. ಶಿಖರವೆಂದರೆ ಕಲ್ಲಿನ ರಾಶಿಯ ಮೇಲೆ ಹಚ್ಚಿದ ಕೆತ್ತನೆಯಲ್ಲ, ಪುಟ್ಟ ಗುಡಿಗಳನ್ನು ಜೋಡಿಸಿ ಮಾಡಿದ ಒಂದು ದೊಡ್ಡ ಗುಡಿ ಎಂಬುದು ಇಲ್ಲಿ ಕಣ್ಣಿಗೆ ಬೀಳುತ್ತದೆ. ಒಮ್ಮೆ ಇದು ಕಂಡಿತೆಂದರೆ ಆಮೇಲೆ ಯಾವ ದ್ರಾವಿಡ ಶಿಖರವನ್ನು ನೋಡಿದರೂ ಅಂತಸ್ತುಗಳನ್ನು ಎಣಿಸದೆ ಇರಲಾಗುವುದಿಲ್ಲ.

ತಲಗಳ ಮೇಲೆ ಕುತ್ತಿಗೆಯಂಥ ಗ್ರೀವ, ಅದರ ಮೇಲೆ ಗುಮ್ಮಟದಾಕಾರದ ತಲೆ, ತುದಿಯಲ್ಲಿ ಸ್ತೂಪಿ ಅಥವಾ ಕಳಶ ಇರಬೇಕು. ಇಟಗಿಯಲ್ಲಿ ತುದಿಯ ಭಾಗ ಉಳಿದಿಲ್ಲ. ಶಿಖರದ ಮುಂಭಾಗದಲ್ಲಿ, ಅಂತರಾಳದ ಮಾಡಿನ ಮೇಲೆ ಮುಂಚಾಚಿಕೊಂಡಿರುವ ಭಾಗವನ್ನು ಶುಕನಾಸ ಎನ್ನುತ್ತಾರೆ. ಒಳಗಿನ ಸುಕನಾಸಿ ಮತ್ತು ಮೇಲಿನ ಶುಕನಾಸ ಒಂದರ ಮೇಲೊಂದು ಇರುವುದರಿಂದ ಬರಹಗಳಲ್ಲಿ ಈ ಎರಡು ಹೆಸರುಗಳು ಆಗಾಗ ಅದಲುಬದಲಾಗುತ್ತವೆ. ನೆಲದ ಮೇಲೆ ನಡೆಯುವ ಸ್ಥಳದ ಮಾತೋ ಮಾಡಿನ ಮೇಲಿನ ಭಾಗದ ಮಾತೋ ಎಂಬುದನ್ನು ಸಂದರ್ಭ ನೋಡಿ ತಿಳಿಯಬೇಕು. ಗುಡ್ಡೆಗಣ್ಣುಗಳ, ಬಾಯಿಂದ ಎಲೆಬಳ್ಳಿಗಳನ್ನು ಸುರಿಸುವ ಸಿಂಹದ ಮುಖ ಕೀರ್ತಿಮುಖ. ಎರಡು ಮೊಸಳೆಯಂಥ ಮಕರಗಳ ಬಾಯಿಂದ ಹೊರಟು ಕಮಾನಾಗಿ ಬಾಗುವ ಪಟ್ಟಿ ಮಕರತೋರಣ.

ಇಲ್ಲಿ ಒಂದು ಗೊಂದಲವನ್ನು ತೀರಿಸಿಕೊಳ್ಳಬೇಕು. ನಮ್ಮಲ್ಲಿ ಗುಡಿಯ ಮೇಲೆ ಎತ್ತರವಾಗಿ ಕಂಡದ್ದನ್ನೆಲ್ಲ ಗೋಪುರ ಎಂದು ಕರೆಯುವುದು ರೂಢಿ. ಗರ್ಭಗೃಹದ ಮೇಲೆ ಇರುವುದು ಶಿಖರ, ಪೌಳಿಯ ಹೆಬ್ಬಾಗಿಲ ಮೇಲೆ ಏಳುವುದು ಗೋಪುರ. ಇಟಗಿಯಲ್ಲಿ ಶಿಖರವಿದೆ, ಗೋಪುರವಿಲ್ಲ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಸುಮಾರು 50 ಮೀಟರ್ ಎತ್ತರದ ಪೂರ್ವದ ಮಹಾಗೋಪುರ ದೂರದಿಂದಲೇ ಕಾಣುತ್ತದೆ, ಆದರೆ ಮೂಲದೇವರ ಮೇಲಿನ ಶಿಖರವನ್ನು ನೋಡಲು ಒಳಗೆ ಹೋಗಿ ಹುಡುಕಬೇಕಾಗುತ್ತದೆ. ಎತ್ತರದ ಗೌರವ ಶಿಖರದಿಂದ ಬಾಗಿಲಿಗೆ ದಾಟಿದ ಕಥೆ ಈ ಎರಡು ಗುಡಿಗಳ ನಡುವೆ ಇದೆ.

ನಾಗರ, ದ್ರಾವಿಡ, ವೇಸರ ಎಂಬ ಮೂರು ಪದಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯ ಆರಂಭದಲ್ಲಿಲ್ಲ. ಅಂತಸ್ತುಗಳು ಸ್ಪಷ್ಟವಾಗಿ ಎಣಿಸಲು ಸಿಗುವುದು ದ್ರಾವಿಡ. ಬುಡದಿಂದ ತುದಿಗೆ ಒಂದೇ ಬಾಗಿದ ರೇಖೆಯಲ್ಲಿ ಏರುವುದು ನಾಗರ. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಮತ್ತು ಪಾಪನಾಥ ಗುಡಿಗಳನ್ನು ಹೋಲಿಸಿದರೆ ಈ ಭೇದ ತಾನಾಗಿಯೇ ತಿಳಿಯುತ್ತದೆ. ವೇಸರ ಎಂದರೇನು ಎಂಬ ಬಗ್ಗೆ ವಿದ್ವಾಂಸರಲ್ಲಿಯೇ ಒಮ್ಮತವಿಲ್ಲ. ಇಟಗಿಯನ್ನು ಕೆಲವರು ವೇಸರವೆಂದೂ, ಇನ್ನು ಕೆಲವರು ಕರ್ನಾಟಕದ ದ್ರಾವಿಡವೆಂದೂ ಕರೆಯುತ್ತಾರೆ. ನನ್ನ ಮಟ್ಟಿಗೆ ಎರಡನೆಯದೇ ಸರಿ, ಏಕೆಂದರೆ ಕೂಟ, ಶಾಲೆ, ತಲಗಳ ಚೌಕಟ್ಟು ಇಲ್ಲಿ ಮುರಿದಿಲ್ಲ, ಬರೀ ಒತ್ತೊತ್ತಾಗಿ ಹೆಣೆದುಕೊಂಡಿದೆ.

ಕಂಬ, ಬಾಗಿಲವಾಡ, ಚಾವಣಿ

ಒಳಗೆ ಹೋದಾಗ ಕಂಬವನ್ನೂ ಬುಡದಿಂದಲೇ ನೋಡಬೇಕು. ಕೆಳಗೆ ಚೌಕವಾದ ಪೀಠ, ಅದರ ಮೇಲೆ ಘನಾಕೃತಿಯ ಕಲ್ಲು, ಆಮೇಲೆ ದುಂಡಗಿನ ಭಾಗ, ಅದರಲ್ಲಿ ಗಂಟೆಯಾಕಾರ, ಕಲಶ, ತೆಳುವಾದ ತಟ್ಟೆಯಂಥ ಫಲಕ, ಎಲ್ಲಕ್ಕೂ ಮೇಲೆ ತೊಲೆಯನ್ನು ಹೊರುವ ಬೋದಿಗೆ. ದುಂಡಗಿನ ಭಾಗದ ಮೇಲೆ ಓರೆಯಾಗಿ ಬೆಳಕು ಬಿದ್ದಾಗ ಸುತ್ತಲೂ ಸಮಾನಾಂತರವಾಗಿ ಓಡುವ ಸಣ್ಣ ಗೆರೆಗಳು ಕಾಣುತ್ತವೆ. ಕಲ್ಲನ್ನು ತಿರುಗಿಸಿ ಕಡೆದದ್ದರ ಗುರುತುಗಳಿವು. ಇಂಥವನ್ನು ತಿರುಗಣೆ ಕಂಬ ಎನ್ನುತ್ತಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಸಣ್ಣ ಕಣಗಳಿಂದ ಕೂಡಿರುವುದರಿಂದ ಇದು ಸಾಧ್ಯವಾಯಿತು. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲಿನಲ್ಲಿ ಇಷ್ಟು ಸೂಕ್ಷ್ಮವಾದ ಕೆಲಸ ನಿಲ್ಲುತ್ತಿರಲಿಲ್ಲ. ಆನೆಗೊಂದಿಯ ಹುಚ್ಚಪ್ಪಯ್ಯನ ಮಠದಲ್ಲಿ ಇದೇ ಬಗೆಯ ಕಪ್ಪು ಕಲ್ಲಿನ ನುಣುಪಾದ ಕಂಬಗಳಿವೆ. ಸುತ್ತಲಿನ ಕಣಶಿಲೆಯ, ಅಂದರೆ ಗ್ರಾನೈಟಿನ, ಕಟ್ಟಡಗಳ ನಡುವೆ ಅವು ಬೇರೆಯೇ ಕೈಯ ಕೆಲಸವೆಂದು ಎದ್ದು ಕಾಣುತ್ತವೆ. ಬೋದಿಗೆಯ ಅಡಿಯಲ್ಲಿ ಓರೆಯಾಗಿ ಆನಿಸಿದ ಹೆಣ್ಣಿನ ಶಿಲ್ಪ ಮದನಿಕೆ. ಬೇಲೂರಿನಿಂದ ಈ ಹೆಸರು ಮನೆಮಾತಾಗಿದ್ದರೂ ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ಅದಕ್ಕಿಂತ ಹಿಂದಿನ ಮದನಿಕೆಗಳಿವೆ.

ಬಾಗಿಲ ಕಲ್ಲಿನ ಚೌಕಟ್ಟು ಬಾಗಿಲವಾಡ. ಅದರ ಲಂಬವಾದ ಪಟ್ಟಿಗಳೇ ಶಾಖೆಗಳು; ಮೂರಿದ್ದರೆ ತ್ರಿಶಾಖೆ, ಐದಿದ್ದರೆ ಪಂಚಶಾಖೆ, ಏಳಿದ್ದರೆ ಸಪ್ತಶಾಖೆ. ಬಳ್ಳಿಯದು ಲತಾಶಾಖೆ, ವಜ್ರಾಕೃತಿಗಳದ್ದು ರತ್ನಶಾಖೆ, ಕಂಬದ ರೂಪದ್ದು ಸ್ತಂಭಶಾಖೆ. ಎಣಿಸುವಾಗ ಒಂದೇ ಬದಿಯನ್ನು ಎಣಿಸಬೇಕು, ಎರಡೂ ಬದಿಗಳನ್ನು ಕೂಡಿಸಬಾರದು. ಬುಡದಲ್ಲಿ ದ್ವಾರಪಾಲರು, ಬಾಗಿಲ ಮೇಲಡ್ಡದ ನಟ್ಟನಡುವೆ ಕೆತ್ತಿದ ಪುಟ್ಟ ಮೂರ್ತಿ ಲಲಾಟಬಿಂಬ. ಲಲಾಟಬಿಂಬದಲ್ಲಿ ಗಜಲಕ್ಷ್ಮಿ ಇದೆಯೆಂದು ಗುಡಿ ವಿಷ್ಣುವಿನದೆಂದು ತೀರ್ಮಾನಿಸುವವರನ್ನು ಬಹಳ ಕಂಡಿದ್ದೇನೆ. ಗಜಲಕ್ಷ್ಮಿ ಶಿವನ ಗುಡಿಯಲ್ಲೂ ಬಸದಿಯಲ್ಲೂ ಇರುತ್ತಾಳೆ. ದ್ವಾರಪಾಲರ ಕೈ ಹೆಚ್ಚು ನಂಬಲರ್ಹ: ತ್ರಿಶೂಲ, ಡಮರು ಇದ್ದರೆ ಶೈವ, ಶಂಖ, ಚಕ್ರ ಇದ್ದರೆ ವೈಷ್ಣವ. ಅಂತರಾಳದ ಬಾಗಿಲ ಇಕ್ಕೆಲಗಳಲ್ಲಿ ತೂತುಗಳಿರುವ ಕಲ್ಲಿನ ಪರದೆಯಿದ್ದರೆ ಅದು ಜಾಲಂಧ್ರ.

ಚಾವಣಿಯ ನಡುಅಂಕಣವನ್ನು ಭುವನೇಶ್ವರಿ ಎಂದು ಕರೆಯುತ್ತಾರೆ. ಗಾರೆಯಿಲ್ಲದೆ, ಚೌಕದ ಮೂಲೆಗಳನ್ನು ಕಲ್ಲಿನಿಂದ ಅಡ್ಡಗಟ್ಟುತ್ತ, ಪ್ರತಿ ಸುತ್ತಿಗೂ ತೆರಪನ್ನು ಕಿರಿದುಗೊಳಿಸುತ್ತ ಹೋಗಿ, ಕೊನೆಯ ರಂಧ್ರವನ್ನು ಕಮಲ ಕೆತ್ತಿದ ಒಂದೇ ಕಲ್ಲಿನಿಂದ ಮುಚ್ಚುವುದು ಒಂದು ವಿಧಾನ. ಇನ್ನೊಂದು, ಸಪಾಟಾದ ಚಾವಣಿಯನ್ನು ಒಂಬತ್ತು ಚೌಕಗಳಾಗಿ ಭಾಗಿಸಿ, ನಡುವೆ ನಟರಾಜನನ್ನೋ ಕಮಲವನ್ನೋ ಇಟ್ಟು, ಸುತ್ತ ಅಷ್ಟದಿಕ್ಪಾಲರನ್ನು ಕೂರಿಸುವುದು. ಇವರನ್ನು ವಾಹನದಿಂದ ಗುರುತಿಸಬೇಕು: ಪೂರ್ವಕ್ಕೆ ಆನೆಯ ಇಂದ್ರ, ಆಗ್ನೇಯಕ್ಕೆ ಟಗರಿನ ಅಗ್ನಿ, ದಕ್ಷಿಣಕ್ಕೆ ಕೋಣದ ಯಮ, ನೈಋತ್ಯಕ್ಕೆ ಮನುಷ್ಯನ ಮೇಲೇರಿದ ನಿಋತಿ, ಪಶ್ಚಿಮಕ್ಕೆ ಮಕರದ ವರುಣ, ವಾಯವ್ಯಕ್ಕೆ ಜಿಂಕೆಯ ವಾಯು, ಉತ್ತರಕ್ಕೆ ಕುಬೇರ, ಈಶಾನ್ಯಕ್ಕೆ ನಂದಿಯ ಈಶಾನ. ತಲೆಯೆತ್ತಿ ನೋಡುತ್ತ ಚಿತ್ರ ಬರೆದುಕೊಂಡರೆ ಕಾಗದದ ಮೇಲೆ ಪೂರ್ವ ಮತ್ತು ಪಶ್ಚಿಮಗಳು ಅದಲುಬದಲಾಗಿ ಬರುತ್ತವೆ. ಆದ್ದರಿಂದ ಪುಟದ ಅಂಚಿನಲ್ಲಿ ದಿಕ್ಕುಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಮೂರ್ತಿಯನ್ನು ಗುರುತಿಸುವುದು

ಮೂರ್ತಿಶಿಲ್ಪದಲ್ಲಿ ಮುಖವನ್ನು ನೋಡಿ ದೇವರನ್ನು ಗುರುತಿಸಲಾಗದು. ಕೈ, ವಾಹನ, ಪೀಠ ಮೂರನ್ನೂ ಕೇಳಬೇಕು. ಎಡ, ಬಲ ಎಂಬುದು ನೋಡುವವರದ್ದಲ್ಲ, ಮೂರ್ತಿಯದ್ದು. ಅಂಗೈ ತೋರಿಸಿ ಮೇಲೆತ್ತಿದ ಕೈ ಅಭಯಮುದ್ರೆ, ಕೆಳಗೆ ಇಳಿಬಿಟ್ಟ ಅಂಗೈ ವರದಮುದ್ರೆ. ನೇರವಾಗಿ ನಿಂತದ್ದು ಸಮಭಂಗ, ಕತ್ತು, ಸೊಂಟ, ಮೊಣಕಾಲುಗಳಲ್ಲಿ ಬಾಗಿ ನಿಂತದ್ದು ತ್ರಿಭಂಗ. ವಿಷ್ಣುವಿನ ಶಂಖ, ಚಕ್ರ, ಗದೆ, ಪದ್ಮಗಳನ್ನು ನಾಲ್ಕು ಕೈಗಳಲ್ಲಿ ಬದಲಿಸುತ್ತ ಹೋದರೆ 24 ಜೋಡಣೆಗಳಾಗುತ್ತವೆ, ಕೇಶವನಿಂದ ಮೊದಲಾಗುವ 24 ಹೆಸರುಗಳು ಆ ಜೋಡಣೆಗಳಿಗೇ ಸಲ್ಲುತ್ತವೆ.

ಒಂದೇ ಹಲಗೆಗಲ್ಲಿನಲ್ಲಿ ಸಾಲಾಗಿ ಕುಳಿತ ಹೆಣ್ಣುದೇವತೆಗಳು ಕಂಡರೆ ಅವರು ಸಪ್ತಮಾತೃಕೆಯರು. ಎರಡು ತುದಿಗಳಲ್ಲಿ ವೀರಭದ್ರ ಮತ್ತು ಗಣಪತಿ ಇರುವುದರಿಂದ ಎಣಿಕೆ ಒಂಬತ್ತಾಗುತ್ತದೆ, ಗಾಬರಿಯಾಗಬೇಕಿಲ್ಲ. ಕಲ್ಲು ಸವೆದಿದ್ದರೆ ಪೀಠದ ಕೆಳಗಿನ ವಾಹನಗಳನ್ನು ನೋಡಬೇಕು: ಬ್ರಾಹ್ಮಿಗೆ ಹಂಸ, ಮಾಹೇಶ್ವರಿಗೆ ಎತ್ತು, ಕೌಮಾರಿಗೆ ನವಿಲು, ವೈಷ್ಣವಿಗೆ ಗರುಡ, ಇಂದ್ರಾಣಿಗೆ ಆನೆ. ವಾರಾಹಿಯನ್ನು ಹಂದಿಯ ಮೋರೆಯಿಂದಲೂ, ಚಾಮುಂಡೆಯನ್ನು ಎಲುಬುಗೂಡಿನ ಮೈಯಿಂದಲೂ ಗುರುತಿಸುವುದು ಸುಲಭ. ಮೂರ್ತಿ ಕಳೆದುಹೋಗಿ ಪೀಠ ಮಾತ್ರ ಉಳಿದಿದ್ದರೂ ಕೆಲಸ ನಿಲ್ಲುವುದಿಲ್ಲ. ಏಳು ಕುದುರೆಗಳಿದ್ದರೆ ಸೂರ್ಯನ ಪೀಠ, ಗರುಡನಿದ್ದರೆ ವಿಷ್ಣುವಿನದು, ಸಿಂಹಗಳಿದ್ದರೆ ಜಿನನದ್ದಾಗಿರುವ ಸಾಧ್ಯತೆ ಹೆಚ್ಚು. ಲಿಂಗದ ಪಾಣಿಪೀಠದ ಮೂತಿ ಸಾಮಾನ್ಯವಾಗಿ ಉತ್ತರಕ್ಕಿರುತ್ತದೆ. ಅಭಿಷೇಕದ ನೀರು ಹೊರಬೀಳುವ ಪ್ರಣಾಳವನ್ನು ಆ ಬದಿಯ ಹೊರಗೋಡೆಯಲ್ಲಿ ಹುಡುಕಬೇಕು. ಶಿವಾಲಯದ ಪ್ರದಕ್ಷಿಣೆಯಲ್ಲಿ ಅದನ್ನು ದಾಟಬಾರದೆಂಬ ಸಂಪ್ರದಾಯವನ್ನು ಪಾಲಿಸುವವರು ಇರುತ್ತಾರೆ, ಅವರ ದಾರಿಗೆ ಅಡ್ಡ ನಿಲ್ಲಬಾರದು.

ಕೊಪ್ಪಳವೇ ಹಿಂದಿನ ಕೊಪಣ, ಜೈನರ ಮಹಾತೀರ್ಥ. ಹಾಗಾಗಿ ಈ ಸೀಮೆಯಲ್ಲಿ ಜಿನಬಿಂಬಗಳ ಪರಿಚಯವೂ ಬೇಕಾಗುತ್ತದೆ. ಕುಳಿತದ್ದು ಪದ್ಮಾಸನ ಅಥವಾ ಅರ್ಧಪದ್ಮಾಸನ, ತೋಳುಗಳನ್ನು ಇಳಿಬಿಟ್ಟು ನೆಟ್ಟಗೆ ನಿಂತದ್ದು ಕಾಯೋತ್ಸರ್ಗ, ತಲೆಯ ಮೇಲಿನ ಮೂರು ಕೊಡೆಗಳು ಮುಕ್ಕೊಡೆ. ಏಳು ಹೆಡೆಗಳಿದ್ದರೆ ಪಾರ್ಶ್ವನಾಥ, ಐದಿದ್ದರೆ ಸುಪಾರ್ಶ್ವನಾಥ, ಹೆಗಲ ಮೇಲೆ ಜಡೆ ಇಳಿದಿದ್ದರೆ ಆದಿನಾಥ. ಅಶೋಕನ ಶಾಸನವಿರುವ ಪಾಲ್ಕಿಗುಂಡಿನ ಬೆಟ್ಟದಲ್ಲಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಬಂಡೆಯಲ್ಲಿ ಕೆತ್ತಿಸಿ, ಅವನ್ನು ಚಾವಯ್ಯನು ಮಾಡಿಸಿದನೆಂದು ಕನ್ನಡದಲ್ಲಿ ಬರೆಸಲಾಗಿದೆ. ಮುಖವೂ ಇಲ್ಲದ, ಆಯುಧವೂ ಇಲ್ಲದ, ಎರಡು ಹೆಜ್ಜೆಗಳ ಈ ಕೆತ್ತನೆಯೂ ಪೂಜ್ಯಶಿಲ್ಪವೇ.

ವಿಜಯನಗರದ ಕಡೆಗೆ ಬಂದಾಗ

"ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು" ಎಂಬ ಗಾದೆಯನ್ನು ಕೇಳದವರು ಗಂಗಾವತಿಯ ಕಡೆ ಇರಲಾರರು. ಹಂಪಿ 2021ರಿಂದ ಬಳ್ಳಾರಿ ಬಿಟ್ಟು ವಿಜಯನಗರ ಜಿಲ್ಲೆಗೆ ಸೇರಿದೆ. ಕನಕಗಿರಿ ಕೊಪ್ಪಳದಲ್ಲಿಯೇ ಇದೆ. ಇಟಗಿಯಲ್ಲಿ ಕಲಿತ ಪದಗಳಲ್ಲಿ ಹೆಚ್ಚಿನವು ಇಲ್ಲಿಯೂ ನಡೆಯುತ್ತವೆ, ಆದರೆ ಕಲ್ಲು ಬದಲಾಗಿದೆ. ಕಣಶಿಲೆ ಗಟ್ಟಿ ಮತ್ತು ಒರಟು. ಅದರಲ್ಲಿ ಬಳಪದ ಕಲ್ಲಿನ ಸೂಕ್ಷ್ಮ ಕೆಲಸ ಆಗದು. ಆದ್ದರಿಂದ ಗೋಡೆ ಮತ್ತು ಕಂಬಗಳನ್ನು ಕಣಶಿಲೆಯಲ್ಲಿ ದೊಡ್ಡದಾಗಿ ಬಿಡಿಸಿ, ಗೋಪುರ ಮತ್ತು ಶಿಖರಗಳನ್ನು ಇಟ್ಟಿಗೆಯಿಂದ ಕಟ್ಟಿ, ಮೂರ್ತಿಗಳನ್ನು ಗಾರೆಯಲ್ಲಿ ಮಾಡಿದರು. ಕನಕಗಿರಿಯ ಕನಕಾಚಲಪತಿ ಗುಡಿಯಲ್ಲಿ ಗಾರೆಯ ಕೆಲಸದ ಜೊತೆಗೆ ಮರದ ಶಿಲ್ಪಗಳೂ ಇವೆ. ಹೊಸ ಪದಗಳು ಕೆಲವೇ: ಹಿಂಗಾಲ ಮೇಲೆ ನಿಂತ ಸಿಂಹದಂಥ ಪ್ರಾಣಿ ಯಾಳಿ, ಒಂದೇ ಕಲ್ಲಿನಲ್ಲಿ ದೊಡ್ಡ ಕಂಬಕ್ಕೆ ಸಣ್ಣ ಕಂಬಗಳು ಅಂಟಿಕೊಂಡಿದ್ದರೆ ಸಂಯುಕ್ತ ಸ್ತಂಭ, ಬೋದಿಗೆಯ ತುದಿ ಕೆಳಮುಖವಾದ ಮೊಗ್ಗಿನಂತೆ ಇಳಿಬಿದ್ದಿದ್ದರೆ ಪುಷ್ಪಪೋದಿಗೆ, ದೇವರ ಮದುವೆಯ ಉತ್ಸವ ನಡೆಯುವುದು ಕಲ್ಯಾಣ ಮಂಟಪ. ಬೋದಿಗೆಯಲ್ಲಿ ಮೊಗ್ಗು ಕಂಡರೆ ಆ ಕಂಬ ವಿಜಯನಗರ ಕಾಲದ್ದು ಅಥವಾ ಅದರ ನಂತರದ್ದು ಎಂದು ಬಹುಮಟ್ಟಿಗೆ ಹೇಳಬಹುದು.

ಗುಡಿಯ ಹೊರಗಿನ ಕಲ್ಲುಗಳು, ಸಮಾಧಿಗಳು, ಮಸೀದಿ

ಅರಳಿಕಟ್ಟೆಯ ಬಳಿ ಒರಗಿಸಿಟ್ಟ ವೀರಗಲ್ಲನ್ನು ಸಹ ಕೆಳಗಿನಿಂದಲೇ ಓದಬೇಕು. ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಕೈಲಾಸದಲ್ಲಿ ಲಿಂಗದ ಎದುರು ಅವನು ಕುಳಿತಿರುವುದು. ಕಾಳಗದಲ್ಲಿ ದನಗಳಿದ್ದರೆ ತುರುಗೊಳ್, ಅಂದರೆ ದನಗಳನ್ನು ಹಿಡಿದೊಯ್ಯುವಾಗ ನಡೆದ ಕಾಳಗ, ಎಂದು ಅರ್ಥ. ಬಳೆ ತೊಟ್ಟ ಕೈಯೊಂದು ಮೊಣಕೈಯಲ್ಲಿ ಮಡಿಸಿ ಮೇಲೆದ್ದಿದ್ದರೆ ಅದು ಸತಿ ಹೋದವಳ ನೆನಪಿನ ಮಾಸ್ತಿಕಲ್ಲು. ಸಲ್ಲೇಖನದಿಂದ, ಅಂದರೆ ಜೈನರ ಉಪವಾಸ ವ್ರತದಿಂದ, ದೇಹಬಿಟ್ಟವರದ್ದು ನಿಷಿಧಿ. ಶಾಸನಕಲ್ಲಿನ ತಲೆಯಲ್ಲಿ ಸೂರ್ಯ, ಚಂದ್ರ, ಲಿಂಗ, ಹಸು ಮತ್ತು ಕರು ಇರುತ್ತವೆ. ದಾನವು ಸೂರ್ಯಚಂದ್ರರಿರುವವರೆಗೆ ನಡೆಯಲೆಂಬುದು ಅವುಗಳ ಆಶಯ.

ಹಿರಿಯರನ್ನು ನೆನೆಯುವ ಕಟ್ಟಡಗಳಿಗೂ ಬೇರೆ ಬೇರೆ ಹೆಸರುಗಳಿವೆ. ಕೊಪ್ಪಳದ ಗವಿಮಠದಂಥ ವೀರಶೈವ ಮಠಗಳಲ್ಲಿ ಗದ್ದುಗೆ, ಆನೆಗೊಂದಿಯ ನಡುಗಡ್ಡೆಯ ನವಬೃಂದಾವನದಲ್ಲಿ ಮಾಧ್ವ ಯತಿಗಳ ಬೃಂದಾವನ, ದರ್ಗಾಗಳಲ್ಲಿ ಗೋರಿ. ಬೃಂದಾವನದ ಪೀಠವನ್ನು ಗಮನಿಸಿದರೆ ಗುಡಿಯ ಅಧಿಷ್ಠಾನದಲ್ಲಿ ಕಂಡ ಪಟ್ಟಿಕೆಗಳೇ ಅಲ್ಲಿಯೂ ಪುಟ್ಟದಾಗಿ ಬಂದಿರುತ್ತವೆ.

ರಾಯಚೂರಿನಲ್ಲಿ ಏಕ್ ಮಿನಾರ್ ಮಸೀದಿಯನ್ನು ಬಿಡಬಾರದು. ಬಹಮನಿ ಸುಲ್ತಾನ ಮಹಮೂದ್ ಶಾಹನ ಆಳ್ವಿಕೆಯಲ್ಲಿ, 1513ರ ಸುಮಾರಿಗೆ ಕಟ್ಟಿದ ಇದರಲ್ಲಿ ಹೆಸರೇ ಹೇಳುವಂತೆ ಒಂದೇ ಮಿನಾರಿದೆ. ಮಿನಾರ್ ಎಂದರೆ ಬಾಂಗ್ ಕೂಗಲು ಏರುವ ಎತ್ತರದ ಸ್ತಂಭ, ಗುಂಬಜ್ ಎಂದರೆ ದುಂಡು ಮಾಡು, ನಮಾಜಿನ ಗೋಡೆಯಲ್ಲಿ ಒಳಕ್ಕೆ ಸರಿದ ಕಮಾನುಗೂಡು ಮೆಹ್ರಾಬ್, ಅದರ ಪಕ್ಕದ ಮೆಟ್ಟಿಲುಪೀಠ ಮಿಂಬರ್, ಕೈಕಾಲು ತೊಳೆಯುವ ಕೊಳ ಹೌಜ್. ಮೆಹ್ರಾಬ್ ಮೆಕ್ಕಾದ ದಿಕ್ಕನ್ನು ತೋರಿಸುವುದರಿಂದ ನಮ್ಮ ದೇಶದಲ್ಲಿ ಅದು ಪಶ್ಚಿಮದ ಗೋಡೆಯಲ್ಲಿರುತ್ತದೆ. ಪೂರ್ವಾಭಿಮುಖವಾದ ಗುಡಿಯಲ್ಲಿ ಗರ್ಭಗೃಹದತ್ತ ನಡೆಯುವವರೂ ಪಶ್ಚಿಮಕ್ಕೇ ಮುಖ ಮಾಡುತ್ತಾರೆ.

ಹೋಗುವ ಮೊದಲು

ಬೆಳಕು ಓರೆಯಾಗಿ ಬೀಳುವ ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ಕೆತ್ತನೆಯ ಏರುತಗ್ಗುಗಳು ಚೆನ್ನಾಗಿ ಕಾಣುತ್ತವೆ. ದಕ್ಷಿಣದ ಗೋಡೆಯನ್ನು ಚಳಿಗಾಲದಲ್ಲಿ ನೋಡುವುದು ಸೂಕ್ತ. ಉತ್ತರದ ಗೋಡೆಗೆ ವರ್ಷದ ಬಹುಭಾಗ ನೇರ ಬಿಸಿಲು ಬೀಳುವುದಿಲ್ಲ, ಅಲ್ಲಿ ಫೋಟೋ ತೆಗೆಯುವವರು ಬೇಸಿಗೆಯ ಮುಂಜಾವಿಗೆ ಕಾಯಬೇಕು. ಹಾಗೆಂದು ಬೇಸಿಗೆಯ ನಡುಹಗಲಲ್ಲಿ ಹೋದರೆ ಬರಿಗಾಲಲ್ಲಿ ಹಾಸುಗಲ್ಲಿನ ಮೇಲೆ ನಿಲ್ಲುವುದೇ ಆಗದು. ನಮ್ಮ ಸೀಮೆಯ ಬಿಸಿಲಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಗರ್ಭಗೃಹದಲ್ಲಿ ಟಾರ್ಚ್ ಹಾಕಲು ಮತ್ತು ಫೋಟೋ ತೆಗೆಯಲು ಅರ್ಚಕರ ಅನುಮತಿ ಪಡೆಯಬೇಕು.

ಶಾಸನದ ಅಕ್ಷರಗಳು ಕಾಣಲೆಂದು ಸುಣ್ಣ, ಹಿಟ್ಟು, ಸೀಮೆಸುಣ್ಣ ಅಥವಾ ಎಣ್ಣೆ ಸವರುವ ಅಭ್ಯಾಸ ಇನ್ನೂ ಹೋಗಿಲ್ಲ. ಬಳಪದ ಕಲ್ಲಿಗೆ ಇದರಿಂದಾಗುವ ಹಾನಿ ಸರಿಪಡಿಸಲಾಗದ್ದು. ಮೊಬೈಲಿನ ದೀಪವನ್ನು ಕಲ್ಲಿನ ಮೈಗೆ ಸಮಾನಾಂತರವಾಗಿ, ಒಂದು ಬದಿಯಿಂದ ಹಿಡಿದರೆ ಅಕ್ಷರಗಳ ತಗ್ಗಿನಲ್ಲಿ ನೆರಳು ತುಂಬಿ ಸಾಲುಗಳು ತಾವಾಗಿಯೇ ಕಾಣುತ್ತವೆ. ಇಟಗಿಯ ಗುಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿ ಕಕ್ಷಾಸನದ ಮೇಲೆ ಹತ್ತಿ ನಿಲ್ಲುವುದು, ಅರೆಗಂಬವನ್ನು ಹಿಡಿದು ಮೇಲೇರುವುದು ಇವೆಲ್ಲ ನಿಷಿದ್ಧ. ನೋಟ್‌ಪುಸ್ತಕದಲ್ಲಿ ಒಂದು ಪುಟಕ್ಕೆ ಒಂದೇ ಅಂಗವನ್ನು ಬರೆದು, ಅದರ ಪಕ್ಕದಲ್ಲಿ ಗುಡಿಯ ಹೆಸರು, ಗೋಡೆಯ ದಿಕ್ಕು ಮತ್ತು ಕಲ್ಲಿನ ಜಾತಿಯನ್ನು ನಮೂದಿಸಿಕೊಳ್ಳಬೇಕು. ಇಟಗಿಯಲ್ಲಿ ಒಂದು ಮುಂಜಾವಿಗೆ ಅಧಿಷ್ಠಾನ ಮತ್ತು ಭಿತ್ತಿ ಎರಡೇ ಮುಗಿದರೂ ಸಾಕು, ಕಂಬಗಳಿಗಾಗಿ ಇನ್ನೊಮ್ಮೆ ಹೋಗಬಹುದು.